ರಬ್ಬರು ರೋಲಿನ ಗಡಸುತನದ ಅಂಕಿಯೂ ಬಲದ ಲೆಕ್ಕವೂ

ಭತ್ತದ ಹೊಟ್ಟು ಬಿಡಿಸುವ ಕೆಲಸದಲ್ಲಿ ಉಕ್ಕಿನ ಹಲ್ಲರಿನ ಸ್ಥಾನಕ್ಕೆ ರಬ್ಬರು ರೋಲುಗಳು ಬಂದು ಬಹುಕಾಲವಾಯಿತು. ಗಂಗಾವತಿ, ಸಿಂಧನೂರು, ಮಂಡ್ಯ, ದಾವಣಗೆರೆ ಮೊದಲಾದ ನೀರಾವರಿ ಸೀಮೆಗಳಲ್ಲಿ ಗಿರಣಿಗೆ ಭತ್ತವನ್ನು ಕೊಂಡೊಯ್ದವರು ಈ ರೋಲುಗಳನ್ನು ಕಂಡೇ ಇರುವರು. ಹಳ್ಳಿಯ ಸಹಕಾರ ಸಂಘಕ್ಕಾಗಲಿ ಸ್ವಂತ ಗಿರಣಿಗಾಗಲಿ ಇವನ್ನು ಕೊಳ್ಳಹೋದಾಗ, ವ್ಯಾಪಾರಿಯು ರಬ್ಬರಿನ ಗುಣಕ್ಕೆ ಪ್ರಮಾಣವಾಗಿ ಒಂದು ಅಂಕಿಯನ್ನು ಮುಂದಿಡುವನು. ಅದು 85 ಇರಬಹುದು, 90 ಇರಬಹುದು. ಡ್ಯೂರೊಮೀಟರ್ ಎಂಬ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಉಪಕರಣದಿಂದ ಅಳೆದ ಗಡಸುತನದ ಅಂಕಿ ಅದು. ಅಷ್ಟಕ್ಕೆ ನಿಲ್ಲದೆ, ಆ ಅಂಕಿಯನ್ನು ಗ್ರಾಂ, ಕಿಲೋ ಅಥವಾ ನ್ಯೂಟನ್ ಎಂಬ ಬಲದ ಮಾನಗಳಿಗೆ ತಿರುಗಿಸಿ, ತಮ್ಮ ರಬ್ಬರು ಇಷ್ಟು ಬಲವನ್ನು ತಾಳುವುದೆಂದು ಹೇಳುವವರೂ ಉಂಟು. ಈ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಗ್ರಾಮದ ಮುಖಂಡರೂ ಭೂಮಾಲಿಕರೂ ತಿಳಿದುಕೊಂಡಿರುವುದು ಅವಶ್ಯ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಅಂಕಿಯನ್ನು ಬಲಕ್ಕೆ ತಿರುಗಿಸುವ ಲೆಕ್ಕವು ಸರಿಯಾದ ಲೆಕ್ಕವೇ ಸರಿ; ಆದರೆ ಆ ಲೆಕ್ಕದಿಂದ ತಿಳಿದುಬರುವುದು ಉಪಕರಣದೊಳಗಣ ಸ್ಪ್ರಿಂಗಿನ ಸಂಗತಿ. ರಬ್ಬರಿನ ಸಂಗತಿಯನ್ನು ತಿಳಿಯಬೇಕಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು.

ಇದು ರಬ್ಬರು ಕಾರ್ಖಾನೆಯವರ ವಿಚಾರ, ಬೇಸಾಯಗಾರನಿಗೆ ಇದರಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಇದರ ಲಾಭನಷ್ಟಗಳು ಕಡೆಗೆ ಬಂದು ಸೇರುವುದು ಅಕ್ಕಿಯ ಮೂಟೆಗೇ. ಗಿರಣಿಯಲ್ಲಿ ಒಂದೇ ಅಳತೆಯ ಎರಡು ರೋಲುಗಳು ಎದುರುಬದುರಾಗಿ ತಿರುಗುವುವು. ಒಂದು ತನ್ನ ನೆಲೆಯಲ್ಲಿಯೇ ನಿಂತಿರುವುದು. ಮತ್ತೊಂದನ್ನು ಹತ್ತಿರಕ್ಕೂ ದೂರಕ್ಕೂ ಸರಿಸಬಹುದು. ಒಂದರ ವೇಗವು ಇನ್ನೊಂದರದಕ್ಕಿಂತ ಸುಮಾರು ಶೇಕಡ 25ರಷ್ಟು ಹೆಚ್ಚು. ಅವುಗಳ ನಡುವಣ ಸಂದು ಭತ್ತದ ಕಾಳಿನ ದಪ್ಪಕ್ಕಿಂತ ಕಿರಿದಾಗಿರುವುದರಿಂದ ಕಾಳು ಒತ್ತಡಕ್ಕೆ ಸಿಕ್ಕುವುದು, ಎರಡು ಕಡೆಯ ವೇಗದ ವ್ಯತ್ಯಾಸದಿಂದ ಹೊಟ್ಟು ಕಳಚಿಕೊಳ್ಳುವುದು. ಹುರಿದ ಕಡಲೆಕಾಯಿ ಬೀಜವನ್ನು ಅಂಗೈಗಳ ನಡುವೆ ಉಜ್ಜಿ ಸಿಪ್ಪೆ ತೆಗೆಯುವ ಬಗೆಯೇ ಇದು. ಹಲ್ಲರಿನಲ್ಲಿ ಕಾಳು ಉಕ್ಕಿಗೂ ಪಕ್ಕದ ಕಾಳುಗಳಿಗೂ ತಿಕ್ಕಿ ಮುರಿಯುವುದಲ್ಲದೆ ಹೊಟ್ಟೂ ತೌಡೂ ಒಂದರಲ್ಲೊಂದು ಬೆರೆತುಹೋಗುವುವು. ರಬ್ಬರಾದರೋ ಕಾಳಿಗೆ ಎಡೆಗೊಟ್ಟು ತಾನು ತಗ್ಗುವುದು. ಅದರಿಂದಲೇ ನುಚ್ಚು ಕಡಮೆ. ಆದರೆ ಎಷ್ಟು ತಗ್ಗಬೇಕು? ತೀರ ಮೆತ್ತಗಿನ ರಬ್ಬರು ಬೇಗ ಸವೆಯುವುದು, ಹೊಟ್ಟು ಬಿಡದ ಭತ್ತ ಹೆಚ್ಚಾಗಿ ಉಳಿಯುವುದು, ಯಂತ್ರದ ಆಳು ರೋಲುಗಳನ್ನು ಗಳಿಗೆಗೊಮ್ಮೆ ಬಿಗಿಯುತ್ತಿರುವನು. ತೀರ ಗಡಸಾದ ರಬ್ಬರು ಉಕ್ಕಿನ ಗುಣವನ್ನೇ ತೋರಿಸತೊಡಗಿ ಕಾಳನ್ನು ಮುರಿಯುವುದು. ನುಚ್ಚಿನ ಬೆಲೆಯು ಇಡಿ ಅಕ್ಕಿಯ ಬೆಲೆಗೆ ಸಮನಾಗಲಾರದೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ.

ಈಗ ಉಪಕರಣದ ವಿಚಾರ. ಇದನ್ನು ರೂಪಿಸಿದವನು ಅಮೆರಿಕದ ಆಲ್ಬರ್ಟ್ ಫರ್ಡಿನಾಂಡ್ ಷೋರ್ ಎಂಬಾತ. ಈಗ ಬಳಕೆಯಲ್ಲಿರುವ ಷೋರ್ ಮಾನವು 1920ರ ದಶಕದಲ್ಲಿ ನೆಲೆಗೊಂಡಿತು. ಈತನೇ ಅದಕ್ಕೂ ಮುಂಚೆ, ಲೋಹದ ಮೇಲೆ ಸಣ್ಣದೊಂದು ಸುತ್ತಿಗೆಯನ್ನು ಬೀಳಿಸಿ ಅದು ಎಷ್ಟು ಎತ್ತರ ಪುಟಿಯುವುದೆಂಬುದರಿಂದ ಗಡಸನ್ನು ಅಳೆಯುವ ಬೇರೊಂದು ಉಪಕರಣವನ್ನೂ ಮಾಡಿದ್ದನು. ಹೆಸರು ಒಂದೇ ಆದುದರಿಂದ, ಲೋಹದ ಷೋರ್ ಅಂಕಿಯನ್ನು ರಬ್ಬರಿನ ಷೋರ್ ಅಂಕಿಯೊಡನೆ ಹೋಲಿಸಿ ನೋಡುವ ಭ್ರಮೆಗೆ ಎಡೆಯಿದೆ. ಅವೆರಡಕ್ಕೂ ಯಾವ ಸಂಬಂಧವೂ ಇಲ್ಲ.

ಡ್ಯೂರೊಮೀಟರಿನ ಒಳಗೆ ಇರುವುದು ಒಂದು ಸ್ಪ್ರಿಂಗು. ಅದರ ತುದಿಗೆ ಒಂದು ಮೊನೆ. ಮೊನೆಯ ಸುತ್ತ ಚಪ್ಪಟೆಯಾದ ಪಾದ. ಮೇಲೆ 0 ಯಿಂದ 100ರ ವರೆಗೆ ಗೆರೆಹಾಕಿದ ಮುಖ, ಅದರಲ್ಲಿ ಒಂದು ಮುಳ್ಳು. ಮೊನೆಯು ಪಾದದಿಂದ ಎರಡೂವರೆ ಮಿಲಿಮೀಟರು ಹೊರಚಾಚಿರುವುದು. ಉಪಕರಣವನ್ನು ರಬ್ಬರಿನ ಮೇಲಿಟ್ಟು ಪಾದವು ಪೂರ್ತಿಯಾಗಿ ತಾಗುವಂತೆ ಒತ್ತಿದರೆ, ಮೊನೆಯು ಸ್ವಲ್ಪ ಭಾಗ ರಬ್ಬರಿನೊಳಕ್ಕೆ ಇಳಿಯುವುದು, ಉಳಿದ ಭಾಗ ಸ್ಪ್ರಿಂಗನ್ನು ಅಮುಕಿಕೊಂಡು ಉಪಕರಣದೊಳಕ್ಕೆ ಹಿಂದೆ ಸರಿಯುವುದು. ಹಿಂದೆ ಸರಿದ ಪ್ರತಿಯೊಂದು ಮಿಲಿಮೀಟರಿನ ನಾಲ್ವತ್ತನೆಯ ಒಂದು ಪಾಲಿಗೆ ಮುಳ್ಳು ಒಂದೊಂದು ಗೆರೆ ಏರುವುದು. ಮೊನೆಯು ರಬ್ಬರಿನಲ್ಲಿ ಪೂರಾ ಇಳಿದುಹೋದರೆ ಅಂಕಿ 0. ಗಾಜಿನ ಮೇಲೆ ಒತ್ತಿದಾಗಿನಂತೆ ಸ್ವಲ್ಪವೂ ಇಳಿಯದಿದ್ದರೆ ಅಂಕಿ 100. ಬೇರೆ ರೀತಿಯಲ್ಲಿ ಹೇಳುವುದಾದರೆ, ಸಂತೆಯಲ್ಲಿ ಕಾಣುವ ಸ್ಪ್ರಿಂಗು ತಕ್ಕಡಿಗೂ ಇದಕ್ಕೂ ಒಡಲು ಒಂದೇ. ತಕ್ಕಡಿಯ ಮುಖದ ಮೇಲೆ ಕಿಲೋಗಳನ್ನು ಬರೆದಿರುವರು, ಇದರ ಮುಖದ ಮೇಲೆ ಬರಿಯ ಅಂಕಿಗಳನ್ನು ಬರೆದಿರುವರು.

ಮುಖದ ಮೇಲೆ ಕಿಲೋಗಳನ್ನು ಬರೆಯದಿದ್ದರೂ, ಯಾವ ಅಂಕಿಯಲ್ಲಿ ಸ್ಪ್ರಿಂಗು ಎಷ್ಟು ಬಲದಿಂದ ಒತ್ತಬೇಕೆಂಬುದನ್ನು ನಿಯಮ ಮಾಡಿರುವರು. ರಬ್ಬರಿಗೆ ಹೆಚ್ಚಾಗಿ ಬಳಸುವ ಉಪಕರಣವು ಎ ವರ್ಗದ್ದು. ಅದರ ಮೊನೆಯು 35 ಡಿಗ್ರಿ ಕೋನದ ಶಂಕು. ತುದಿಯನ್ನು ಕತ್ತರಿಸಿ 0.79 ಮಿಲಿಮೀಟರು ಅಡ್ಡಳತೆಯ ಚಪ್ಪಟೆಯಾಗಿ ಮಾಡಿರುವುದು. ಇದರ ಲೆಕ್ಕ ಹೀಗೆ: ಅಂಕಿಯನ್ನು 0.075 ರಿಂದ ಗುಣಿಸಿ ಬಂದುದಕ್ಕೆ 0.55 ಕೂಡಿದರೆ ಸ್ಪ್ರಿಂಗಿನ ಬಲವು ನ್ಯೂಟನ್‌ಗಳಲ್ಲಿ ದೊರೆಯುವುದು. ಒಂದು ಕಿಲೋ ತೂಕವು ನೆಲದ ಮೇಲೆ ಒತ್ತುವ ಬಲವು 9.8 ನ್ಯೂಟನ್‌ಗಳಿಗೆ ಸ್ವಲ್ಪ ಮೇಲ್ಪಟ್ಟಿದೆ ಎಂಬುದನ್ನು ನೆನಪಿಟ್ಟರೆ ಗ್ರಾಂಗಳಿಗೆ ತಿರುಗಿಸುವುದು ಕಷ್ಟವಲ್ಲ. ಅಂಕಿ 0 ಇದ್ದಾಗ ಬಲವು 56 ಗ್ರಾಂ ತೂಕಕ್ಕೆ ಸಮ. 50ಕ್ಕೆ 438 ಗ್ರಾಂ, 60ಕ್ಕೆ 515, 80ಕ್ಕೆ 668, 90ಕ್ಕೆ 744, 100ಕ್ಕೆ 821. ಒಂದೊಂದು ಗೆರೆಗೂ ಏಳೂವರೆ ಗ್ರಾಂಗೆ ತುಸು ಮೇಲೆ ಬಲ ಏರುತ್ತ ಹೋಗುವುದು. ಲೆಕ್ಕವು ಇಷ್ಟೇ, ಶಾಲೆಯ ಹುಡುಗನೂ ಮಾಡಬಹುದು.

ಇಷ್ಟು ಸುಲಭವಾಗಿರುವುದೇ ಮೋಸಹೋಗುವುದಕ್ಕೆ ದಾರಿ. 80ರ ರೋಲಿಗೂ 90ರ ರೋಲಿಗೂ ಇರುವ ಭೇದವೆಷ್ಟು ಎಂದು ಕೇಳಿದರೆ, ಮೇಲಿನ ಪಟ್ಟಿಯನ್ನು ನೋಡಿದವನು 668 ಗ್ರಾಂಗೂ 744 ಗ್ರಾಂಗೂ ಇರುವ ಭೇದ, ಎಂದರೆ ನೂರಕ್ಕೆ ಹನ್ನೊಂದರಷ್ಟು ಎಂದು ಹೇಳುವನು. ಅಷ್ಟು ಚಿಕ್ಕ ಭೇದಕ್ಕಾಗಿ ತಲೆಕೆಡಿಸಿಕೊಳ್ಳಬೇಕೆ ಎಂದು ಕೊಳ್ಳುವವನಿಗೂ ತೋರಬಹುದು. ಆದರೆ ಆ ಎರಡು ಬಲಗಳೂ ರಬ್ಬರನ್ನು ಒಂದೇ ಆಳಕ್ಕೆ ತಗ್ಗಿಸಿದ ಬಲಗಳಲ್ಲ. ಅಂಕಿ 80 ಬಂದಾಗ ಮೊನೆಯು ರಬ್ಬರಿನಲ್ಲಿ ಇಳಿದಿರುವುದು 20 ಗೆರೆಗಳಷ್ಟು, ಎಂದರೆ ಅರ್ಧ ಮಿಲಿಮೀಟರು. 90 ಬಂದಾಗ ಇಳಿದಿರುವುದು 10 ಗೆರೆಗಳಷ್ಟು, ಎಂದರೆ ಕಾಲು ಮಿಲಿಮೀಟರು ಮಾತ್ರ. ಮೊದಲನೆಯದರಲ್ಲಿ 668 ಗ್ರಾಂ ಬಲವು ಅರ್ಧ ಮಿಲಿಮೀಟರು ತಗ್ಗಿಸಿತು. ಎರಡನೆಯದರಲ್ಲಿ ಅದಕ್ಕಿಂತ ಹೆಚ್ಚಿನ 744 ಗ್ರಾಂ ಬಲವು ಕಾಲು ಮಿಲಿಮೀಟರನ್ನು ಮಾತ್ರ ತಗ್ಗಿಸಿತು. ಬಲವನ್ನು ಆಳದಿಂದ ಭಾಗಿಸಿ ಮಿಲಿಮೀಟರಿಗೆ ಎಷ್ಟು ಗ್ರಾಂ ಎಂದು ನೋಡಿದರೆ ಮೊದಲನೆಯದಕ್ಕೆ 1,336, ಎರಡನೆಯದಕ್ಕೆ 2,976 ಬರುವುದು. ಭೇದವು ನೂರಕ್ಕೆ ಹನ್ನೊಂದಲ್ಲ; ಎರಡನೆಯ ರಬ್ಬರು ಮೊದಲನೆಯದರ ಎರಡು ಪಟ್ಟಿಗೂ ಮಿಕ್ಕಿ ಬಿಗಿಯಾಗಿದೆ.

ಹಾರೆಯಿಂದ ಗುಣಿ ತೋಡುವವರಿಗೆ ಇದು ಹೊಸ ಮಾತಲ್ಲ. ಒಂದೇ ಹಾರೆಯನ್ನು ಒಂದೇ ಎತ್ತರದಿಂದ ಹಾಕಿದರೂ ಗದ್ದೆಯಲ್ಲಿ ಒಂದು ಗೇಣು ಇಳಿಯುವುದು, ಬೀಳು ಹೊಲದಲ್ಲಿ ಎರಡು ಬೆರಳು ಇಳಿಯುವುದು. ನೆಲದ ಗಡಸನ್ನು ಹೇಳಬೇಕಾದವನು ಹಾರೆಯ ತೂಕವೊಂದನ್ನೇ ಹೇಳಿ ಸುಮ್ಮನಾದರೆ ಯಾರೂ ಒಪ್ಪುವುದಿಲ್ಲ.

ಹೀಗೆ ಬಲವನ್ನು ಆಳದಿಂದ ಭಾಗಿಸುವ ಕ್ರಮವು ನಮ್ಮ ಕಲ್ಪನೆಯಲ್ಲ. 1958ರಲ್ಲಿ ಎ. ಎನ್. ಜೆಂಟ್ ಎಂಬ ರಬ್ಬರು ವಿಜ್ಞಾನಿಯು ಇದೇ ವಿಚಾರವನ್ನು ಮೂಲವಾಗಿಟ್ಟುಕೊಂಡು, ಷೋರ್ ಅಂಕಿಯಿಂದ ರಬ್ಬರಿನ ನಿಜವಾದ ಬಿಗಿತವನ್ನು ಅಂದಾಜು ಮಾಡುವ ಸೂತ್ರವೊಂದನ್ನು ಕೊಟ್ಟನು. ಅದರಂತೆ ಎ ವರ್ಗದ 60ರ ರಬ್ಬರಿನ ಬಿಗಿತವು ಚದರ ಮಿಲಿಮೀಟರಿಗೆ ಸುಮಾರು 3.6 ನ್ಯೂಟನ್, 80ರದು 9.4, 90ರದು 20.8. ಅಂಕಿಗಳು ಏರುವುದು ಮೆಟ್ಟಿಲಿನಂತೆ, ಬಿಗಿತವು ಏರುವುದು ಬೆಟ್ಟದ ಕಡಿದಾದ ಮೈಯಂತೆ. ಮೇಲೆ ಹೋದಷ್ಟೂ ಏರು ಹೆಚ್ಚು. 50 ರಿಂದ 55ಕ್ಕೆ ಹೋಗುವುದೂ 90 ರಿಂದ 95ಕ್ಕೆ ಹೋಗುವುದೂ ಮುಳ್ಳಿಗೆ ಒಂದೇ ಐದು ಗೆರೆ. ರಬ್ಬರಿಗೆ ಒಂದೇ ಅಲ್ಲ. ಇದು ಅಂದಾಜಿನ ಸೂತ್ರವೆಂಬುದನ್ನೂ, ಮಾನದ ಎರಡು ತುದಿಗಳಲ್ಲಿ ಇದರ ಮೇಲೆ ಹೆಚ್ಚು ಭಾರ ಹಾಕಬಾರದೆಂಬುದನ್ನೂ ಮರೆಯಬಾರದು. ನಮ್ಮ ಗಿರಣಿಗಳ ರೋಲುಗಳಾದರೋ ಸಾಮಾನ್ಯವಾಗಿ 80ರ ಮೇಲೆ 90ರ ಆಸುಪಾಸಿನಲ್ಲಿ ಇರತಕ್ಕವು. ಏರು ಕಡಿದಾಗಿರುವ ಕಡೆಯೇ ಅವುಗಳ ವಾಸ. ಆದುದರಿಂದ ಎರಡು ಮೂರು ಗೆರೆಗಳ ವ್ಯತ್ಯಾಸವನ್ನೂ ಇಲ್ಲಿ ಅಲಕ್ಷ್ಯ ಮಾಡಲಾಗದು.

ಗಿರಣಿಯೊಳಗೆ ಇದರ ಫಲವು ಹೀಗೆ ಕಾಣುವುದು. 80ಕ್ಕೆ ಇಳಿದ ಹಳೆಯ ರೋಲುಗಳನ್ನು ತೆಗೆದು 90ರ ಹೊಸವನ್ನು ಹಾಕಿದ ದಿನ, ಆಳು ತನ್ನ ರೂಢಿಯಂತೆ ಸಂದನ್ನು ಮೊದಲಿನಷ್ಟಕ್ಕೇ ಬಿಗಿದನೆನ್ನೋಣ. ಕಾಳು ನುಗ್ಗುವುದಕ್ಕೆ ರಬ್ಬರು ಮೊದಲಿನಷ್ಟೇ ತಗ್ಗಬೇಕು. ಅಷ್ಟು ತಗ್ಗಿಸುವುದಕ್ಕೆ ಕಾಳಿನ ಮೇಲೆ ಮೊದಲಿನ ಎರಡರಷ್ಟು ಒತ್ತಡ ಬೀಳುವುದು. ಗಾಳಿಯ ಒತ್ತಡದಿಂದಾಗಲಿ ತೂಕದ ಗುಂಡಿನಿಂದಾಗಲಿ ರೋಲನ್ನು ತಳ್ಳುವ ಯಂತ್ರಗಳಲ್ಲಿ ಬಲವು ಬದಲಾಗದಿದ್ದರೂ, ಗಡಸು ರಬ್ಬರು ಕಾಳನ್ನು ಅಪ್ಪಿಕೊಳ್ಳುವ ಜಾಗವು ಕಿರಿದಾಗುವುದರಿಂದ ಒತ್ತಡವು ಒಂದೇ ಕಡೆ ಕೂಡಿಬೀಳುವುದು. ಸರಿಯಾಗಿ ಒಣಗದ ಭತ್ತವಾಗಲಿ, ಗದ್ದೆಯಲ್ಲೇ ಬಿಸಿಲಿಗೂ ಮಳೆಗೂ ಸಿಕ್ಕಿ ಒಳಗೆ ಬಿರುಕುಬಿಟ್ಟ ಭತ್ತವಾಗಲಿ ಆಗಿದ್ದರೆ ಅಂದಿನ ನುಚ್ಚಿನ ರಾಶಿಯೇ ಅದಕ್ಕೆ ಸಾಕ್ಷಿ. ಇಂಥ ದಿನ ದೋಷವನ್ನು ತಳಿಯ ಮೇಲೋ ಬೇಸಾಯಗಾರನ ಮೇಲೋ ಹೊರಿಸುವುದನ್ನು ನಾವು ಕೇಳಿದ್ದೇವೆ. ರೋಲು ಬದಲಾಯಿಸಿದ ದಿನವನ್ನು ವಿಚಾರಿಸಿದವರನ್ನು ಕಂಡುದು ಅಪೂರ್ವ.

ಸ್ಪ್ರಿಂಗಿನ ಬಲವು ರಬ್ಬರಿನ ಸ್ವತ್ತಲ್ಲವೆಂಬುದಕ್ಕೆ ಇನ್ನೂ ಸ್ಪಷ್ಟವಾದ ಪ್ರಮಾಣ ಬೇಕಾದರೆ ಡಿ ವರ್ಗದ ಡ್ಯೂರೊಮೀಟರನ್ನು ನೋಡಬಹುದು. ಗಟ್ಟಿ ಪ್ಲಾಸ್ಟಿಕ್ಕಿಗೂ ಬಲು ಗಡಸಾದ ರಬ್ಬರಿಗೂ ಇದನ್ನು ಬಳಸುವರು. ಇದರ ಮೊನೆ 30 ಡಿಗ್ರಿ ಕೋನದ್ದು, ಸೂಜಿಯಂತೆ ಚೂಪು; ಸ್ಪ್ರಿಂಗೂ ಬಹಳ ಬಿರುಸಾದುದು. ಇಲ್ಲಿ ಅಂಕಿಯನ್ನು 0.4445 ರಿಂದ ಗುಣಿಸಿದರೆ ನ್ಯೂಟನ್‌ಗಳು ಬರುವುವು, ಕೂಡತಕ್ಕದ್ದು ಏನೂ ಇಲ್ಲ. 100ಕ್ಕೆ ನಾಲ್ಕೂವರೆ ಕಿಲೋಗೆ ಸ್ವಲ್ಪ ಮೇಲ್ಪಟ್ಟ ಬಲ, ಎಂದರೆ ಸುಮಾರು ಹತ್ತು ಪೌಂಡು. ಎ ವರ್ಗದಲ್ಲಿ 90 ತೋರಿಸುವ ರಬ್ಬರು ಡಿ ವರ್ಗದಲ್ಲಿ ಸುಮಾರು 40 ತೋರಿಸುವುದು. ಈಗ ಬಲದ ಲೆಕ್ಕ ಮಾಡಿರಿ. ಎ ವರ್ಗದಂತೆ 744 ಗ್ರಾಂ. ಡಿ ವರ್ಗದಂತೆ 1,813 ಗ್ರಾಂ. ರಬ್ಬರು ಅದೇ, ದಿನ ಅದೇ, ಅಳೆದ ಕೈಯೂ ಅದೇ. ರಬ್ಬರು ತಾಳುವ ಬಲ ಇವೆರಡರಲ್ಲಿ ಯಾವುದು? ಯಾವುದೂ ಅಲ್ಲ.

ಗಡಸುತನವನ್ನು ಅಳೆಯುವ ಮತ್ತೊಂದು ಅಂತರರಾಷ್ಟ್ರೀಯ ಕ್ರಮವಿದೆ. ಅದರಲ್ಲಿ ಸ್ಪ್ರಿಂಗಿಗೆ ಬದಲಾಗಿ ಗೊತ್ತಾದ ತೂಕವನ್ನು ಹೇರುವರು. ಎರಡೂವರೆ ಮಿಲಿಮೀಟರು ಅಡ್ಡಳತೆಯ ಗುಂಡನ್ನು ರಬ್ಬರಿನ ಮೇಲಿಟ್ಟು, ಒಟ್ಟು 5.7 ನ್ಯೂಟನ್ ಬಲದಿಂದ ಒತ್ತಿ, ಇಳಿದ ಆಳವನ್ನು 100 ಅಂಶಗಳ ಮಾನಕ್ಕೆ ತಿರುಗಿಸುವರು. ಮೆತ್ತಗಿನದಕ್ಕೂ ಗಡಸಿಗೂ ಬಲ ಒಂದೇ. ಅಲ್ಲಿ ಬಂದ ಅಂಕಿಯನ್ನು ಬಲಕ್ಕೆ ತಿರುಗಿಸಿಕೊಡಿರೆಂದು ಕೇಳುವ ಮಾತೇ ಹುಟ್ಟುವುದಿಲ್ಲ. ಆದರೂ ನಡುಭಾಗದ ರಬ್ಬರುಗಳಲ್ಲಿ ಆ ಕ್ರಮದ ಅಂಕಿಗಳೂ ಎ ವರ್ಗದ ಅಂಕಿಗಳೂ ಬಹುಮಟ್ಟಿಗೆ ಒಂದಕ್ಕೊಂದು ಹತ್ತಿರವಾಗಿರುವುವು. ಬಲದ ಮಾತನ್ನು ತೆಗೆದುಹಾಕಿದರೂ ಗಡಸುತನದ ಮಾತು ಕೆಡದೆ ಉಳಿಯುವುದೆಂಬುದು ಇದರಿಂದ ಸಿದ್ಧವಾಗುವುದು.

ಇದಕ್ಕಿಂತಲೂ ಕೆಟ್ಟ ಲೆಕ್ಕವೊಂದು ಇದೆ. 90ರ ಬಲವಾದ 7.3 ನ್ಯೂಟನ್‌ಗಳನ್ನು ಎ ವರ್ಗದ ಮೊನೆಯ ಚಪ್ಪಟೆ ತುದಿಯ ವಿಸ್ತೀರ್ಣದಿಂದ ಭಾಗಿಸಿ ಒತ್ತಡವನ್ನು ಕಂಡುಹಿಡಿಯುವುದು. ಆ ತುದಿಯು ಅರ್ಧ ಚದರ ಮಿಲಿಮೀಟರಿಗಿಂತಲೂ ಕಿರಿದಾದುದರಿಂದ ಉತ್ತರವು ಚದರ ಸೆಂಟಿಮೀಟರಿಗೆ ಸುಮಾರು 152 ಕಿಲೋ ಎಂದು ಬರುವುದು. ಕಾಗದದ ಮೇಲೆ ನೋಡಲು ಬಲು ಸೊಗಸಾದ ಅಂಕಿ! ಮೊನೆಯು ಇಳಿದಂತೆಲ್ಲ ಶಂಕುವಿನ ಮೈಯೂ ರಬ್ಬರಿಗೆ ತಾಗುವುದರಿಂದ ವಿಸ್ತೀರ್ಣವೇ ಇಲ್ಲಿ ತಪ್ಪು. ಅದು ಹೇಗೂ ಇರಲಿ, ರಬ್ಬರು ಹರಿಯುವ ಬಲ, ಸವೆಯುವ ಬಗೆ, ಉಕ್ಕಿನ ಡ್ರಮ್ಮಿಗೆ ಅದು ಅಂಟಿಕೊಂಡಿರುವ ಗಟ್ಟಿತನ ಇವುಗಳಿಗೂ ಆ ಅಂಕಿಗೂ ಯಾವ ನಂಟೂ ಇಲ್ಲ. ಒಂದೇ ಗಡಸುತನದ ಎರಡು ರೋಲುಗಳಲ್ಲಿ ಒಂದು ಹಂಗಾಮು ಪೂರ್ತಿ ನಡೆದು ಮತ್ತೊಂದು ಅರ್ಧದಲ್ಲೇ ಸಿಪ್ಪೆಯೇಳಬಹುದು. ಅದನ್ನು ಡ್ಯೂರೊಮೀಟರ್ ಮುಂದಾಗಿ ಹೇಳಲಾರದು. ಹಾಗೆ ಹೇಳುವುದಕ್ಕಾಗಿ ಅದನ್ನು ಮಾಡಿದುದೂ ಅಲ್ಲ.

ಹಾಗಾದರೆ ಅಂಕಿಯನ್ನು ಗ್ರಾಂಗಳಿಗೆ ತಿರುಗಿಸುವ ಲೆಕ್ಕವು ನಿಷ್ಪ್ರಯೋಜಕವೆ ಎಂದು ವಾಚಕರು ಕೇಳಬಹುದು. ಅಲ್ಲ, ಅದಕ್ಕೆ ಬಹಳ ಬೆಲೆಯುಳ್ಳ ಒಂದು ಪ್ರಯೋಜನವಿದೆ, ಅದನ್ನೇ ನಮ್ಮವರು ಮಾಡದಿರುವುದು ವ್ಯಸನಕರ. ಉಪಕರಣವು ಸಾಚಾ ಹೌದೋ ಅಲ್ಲವೋ ಎಂಬುದನ್ನು ಈ ಲೆಕ್ಕದಿಂದ ಹಳ್ಳಿಯಲ್ಲಿಯೇ ಪರೀಕ್ಷಿಸಬಹುದು. ಸ್ಪ್ರಿಂಗು ವರ್ಷಾಂತರಗಳಲ್ಲಿ ಸೋಲುವುದು, ಮೊನೆ ಸವೆಯುವುದು, ಕೆಳಗೆ ಬಿದ್ದರೆ ಮುಳ್ಳು ತಪ್ಪುವುದು. ಮೊದಲು ಉಪಕರಣವನ್ನು ಗಾಳಿಯಲ್ಲಿ ಎತ್ತಿ ಹಿಡಿದು ನೋಡಬೇಕು. ಮುಳ್ಳು 0 ಯಲ್ಲಿ ನಿಂತಿರಬೇಕು. ಅನಂತರ ದಪ್ಪ ಗಾಜಿನ ಮೇಲೆ ನೆಟ್ಟಗೆ, ಮೆಲ್ಲಗೆ ಒತ್ತಬೇಕು, 100 ತೋರಿಸಬೇಕು. ಇವೆರಡೂ ಸರಿಯಾದರೂ ನಡುವಣ ಗೆರೆಗಳು ಸರಿಯೆಂದು ನಂಬುವಂತಿಲ್ಲ. ಆದುದರಿಂದ ಒಂದು ಗ್ರಾಂ ವರೆಗೂ ತೋರಿಸುವ, ಒಂದು ಕಿಲೋಗೆ ಕಡಮೆಯಿಲ್ಲದೆ ತೂಗುವ ವಿದ್ಯುತ್ ತಕ್ಕಡಿಯನ್ನು ತೆಗೆದುಕೊಂಡು, ಅದರ ತಟ್ಟೆಯ ಮೇಲೆ ಮೊನೆಯೊಂದೇ ತಾಗುವಂತೆ ಉಪಕರಣವನ್ನು ನೆಟ್ಟಗೆ ಒತ್ತಬೇಕು. ಮುಳ್ಳು 20ರಲ್ಲಿ ನಿಂತಾಗ ತಕ್ಕಡಿಯು 209 ಗ್ರಾಂ, 50ರಲ್ಲಿ ನಿಂತಾಗ 438 ಗ್ರಾಂ, 80ರಲ್ಲಿ ನಿಂತಾಗ 668 ಗ್ರಾಂ ತೋರಿಸತಕ್ಕದ್ದು. ಒಂದು ಗೆರೆಗೆ ಸಮನಾದ ಏಳೆಂಟು ಗ್ರಾಂಗಳ ಹೆಚ್ಚುಕಡಮೆಯನ್ನು ಸಹಿಸಬಹುದು. ಅದಕ್ಕೆ ಮೀರಿ ಇಪ್ಪತ್ತು ಮೂವತ್ತು ಗ್ರಾಂ ತಪ್ಪಿದರೆ ಉಪಕರಣವನ್ನು ದುರಸ್ತಿಗೆ ಕಳುಹಿಸಬೇಕು. ಕೈ ನಡುಗುವುದರಿಂದ ತಕ್ಕಡಿಯ ಅಂಕಿ ನಿಲ್ಲದೆ ಓಡುವುದು ಸಹಜ. ಉಪಕರಣವನ್ನು ಮೇಲಿನಿಂದ ಹಿಡಿದಿಡುವ ಕಬ್ಬಿಣದ ಚೌಕಟ್ಟೊಂದನ್ನು ಊರಿನ ಕಮ್ಮಾರನಿಂದಲೇ ಮಾಡಿಸಿಕೊಂಡರೆ ಕೆಲಸ ಸುಲಭ. ಸೋತ ಸ್ಪ್ರಿಂಗು ಮೆತ್ತಗಿನ ರಬ್ಬರನ್ನು ಗಡಸೆಂದು ತೋರಿಸುವುದೆಂಬುದನ್ನು ಗಮನಿಸಬೇಕು. ಬಲವಿಲ್ಲದ ಸ್ಪ್ರಿಂಗು ಮೊನೆಯನ್ನು ಇಳಿಸಲಾರದೆ ತಾನೇ ಹಿಂದೆ ಸರಿಯುವುದು, ಮುಳ್ಳು ಮೇಲೇರುವುದು. ಮಾರುವವನ ಕೈಯಲ್ಲಿ ಇಂಥ ಉಪಕರಣವಿದ್ದರೆ ಲಾಭವು ಯಾರ ಕಡೆಗೆ?

ಅಳೆಯುವ ಕ್ರಮದಲ್ಲಿಯೂ ಎಚ್ಚರ ಬೇಕು. ರಬ್ಬರಿನ ದಪ್ಪವು 6 ಮಿಲಿಮೀಟರಿಗೆ ಕಡಮೆಯಿದ್ದರೆ ಅಡಿಯ ಲೋಹವೇ ಮೊನೆಗೆ ಅಡ್ಡಬಂದು ಅಂಕಿ ಹೆಚ್ಚಾಗುವುದು. ಸವೆದು ತೆಳುವಾದ ರೋಲಿನ ಅಂಕಿಯನ್ನು ನಂಬಬಾರದು. ಅಂಚಿನಿಂದ 12 ಮಿಲಿಮೀಟರು ಒಳಗೆ ಇರಬೇಕು. ರೋಲಿನ ಮೈ ದುಂಡಾದುದರಿಂದ ಉಪಕರಣವನ್ನು ನೆತ್ತಿಯ ಮೇಲೆ ನೆಟ್ಟಗಿಟ್ಟು, ಅತ್ತಿತ್ತ ವಾಲದಂತೆ ಒತ್ತಬೇಕು. ಒಂದೇ ತೂತಿನಲ್ಲಿ ಎರಡನೆಯ ಸಲ ಒತ್ತಬಾರದು. ಐದು ಕಡೆ ಅಳೆದು ನಡುವಣ ಅಂಕಿಯನ್ನು ತೆಗೆದುಕೊಳ್ಳಬೇಕು. ಒತ್ತಿದ ಮೇಲೆ ರಬ್ಬರು ಮೆಲ್ಲಮೆಲ್ಲಗೆ ಸೋಲುತ್ತ ಹೋಗುವುದರಿಂದ ಮುಳ್ಳು ಇಳಿಯುತ್ತಿರುವುದು. ಒಂದು ಸೆಕೆಂಡಿಗೆ ನೋಡಿದ ಅಂಕಿ ಬೇರೆ, ಹದಿನೈದು ಸೆಕೆಂಡಿಗೆ ನೋಡಿದ ಅಂಕಿ ಬೇರೆ. ರಬ್ಬರಿಗೆ ಮೂರು ಸೆಕೆಂಡು ಎಂದು ಅಂತರರಾಷ್ಟ್ರೀಯ ನಿಯಮವಿದೆ. ಅಮೆರಿಕದ ನಿಯಮವು ಒಂದು ಸೆಕೆಂಡನ್ನು ಹೇಳುವುದು. ಯಾವುದನ್ನಾದರೂ ಅನುಸರಿಸಬಹುದು, ಆದರೆ ಒಂದನ್ನೇ ಅನುಸರಿಸಬೇಕು. ಹೊತ್ತನ್ನು ಹೇಳದ ಅಂಕಿಯು ಅರ್ಧ ಮಾತು.

ಸೆಖೆಯ ವಿಚಾರ ಇನ್ನೂ ಮುಖ್ಯ. ಪ್ರಯೋಗಶಾಲೆಯ ಅಂಕಿಗಳು ಸುಮಾರು 23 ಡಿಗ್ರಿ ಸೆಂಟಿಗ್ರೇಡಿನಲ್ಲಿ ತೆಗೆದವು. ಬೇಸಗೆಯಲ್ಲಿ ರಾಯಚೂರು ಕೊಪ್ಪಳಗಳ ಗಿರಣಿಗಳೊಳಗೆ ಅಂಥ ತಂಪು ಎಲ್ಲಿಂದ ಬರಬೇಕು? ಅದರ ಮೇಲೆ, ಕೆಲಸ ನಡೆಯುವಾಗ ಕಾಳಿನ ತಿಕ್ಕಾಟದಿಂದ ರೋಲು ತಾನೇ ಕಾಯುವುದು. ಕಾದ ರಬ್ಬರು ಮೆತ್ತಗಾಗುವುದು. ಕೆಲವು ಯಂತ್ರಗಳಲ್ಲಿ ರೋಲಿನ ಮೇಲೆ ಗಾಳಿಯನ್ನು ಊದಿ ತಣಿಸುವುದು ಇದಕ್ಕಾಗಿಯೇ. ಬೆಳಗ್ಗೆ ಯಂತ್ರ ಹೂಡುವ ಮೊದಲು ಅಳೆದ ಅಂಕಿಯನ್ನೂ ಮಧ್ಯಾಹ್ನ ನಿಲ್ಲಿಸಿದ ಕೂಡಲೆ ಅಳೆದ ಅಂಕಿಯನ್ನೂ ಒಂದರ ಪಕ್ಕದಲ್ಲೊಂದು ಬರೆದು ನೋಡಿದರೆ ಗಿರಣಿಯವರಿಗೇ ಆಶ್ಚರ್ಯವಾಗುವುದು. ಇದಕ್ಕೆ ವಿರುದ್ಧವಾಗಿ, ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ರೋಲು ಗಾಳಿಬೆಳಕುಗಳಿಗೆ ಮೈಕೊಟ್ಟು ಗಡಸಾಗುತ್ತ ಹೋಗಿ ಕಡೆಗೆ ಬಿರುಕು ಬಿಡುವುದು. ಕಾರ್ಖಾನೆಯಿಂದ 85 ಎಂದು ಹೊರಟ ರೋಲು, ಅಂಗಡಿಯಲ್ಲಿ ಎರಡು ಬೇಸಗೆ ಕಳೆದು ಬಂದ ಮೇಲೆ 85 ಆಗಿಯೇ ಇರುವುದೆಂಬ ನೆಚ್ಚಿಕೆಯಿಲ್ಲ. ಹಳೆಯ ಸರಕು ಅಗ್ಗವೆಂದು ತಂದು, ನುಚ್ಚಿನಲ್ಲಿ ಅದರ ಹತ್ತರಷ್ಟನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಹಣ್ಣು ಬೆಳೆಯುವ ಭೂಮಾಲಿಕರು ಇಲ್ಲಿ ಒಂದು ಸಂದೇಹವನ್ನು ಎತ್ತಬಹುದು: ಮಾವು, ಸೇಬುಗಳ ಗಟ್ಟಿತನವನ್ನು ಕಿಲೋಗಳಲ್ಲಿಯೇ ಹೇಳುವರಲ್ಲ, ಅದೂ ತಪ್ಪೆ? ಅದು ತಪ್ಪಲ್ಲ. ಆ ಉಪಕರಣದ ಜಾತಿಯೇ ಬೇರೆ. ಅಮೆರಿಕದಲ್ಲಿ ಮ್ಯಾಗ್‌ನೆಸ್ ಮತ್ತು ಟೇಲರ್ ಎಂಬವರು 1925ರಲ್ಲಿ ತಿಳಿಯಪಡಿಸಿದ ಹಣ್ಣಿನ ಒತ್ತು ಪರೀಕ್ಷಕದಲ್ಲಿ, ಗೊತ್ತಾದ ಅಳತೆಯ ಕಡ್ಡಿಯನ್ನು ಗೊತ್ತಾದ ಆಳದ ವರೆಗೆ ಹಣ್ಣಿನೊಳಕ್ಕೆ ಚುಚ್ಚಿ, ಅದಕ್ಕೆ ಬೇಕಾದ ಬಲವನ್ನು ನೇರವಾಗಿ ಓದುವರು. ಆಳವು ಎಲ್ಲ ಹಣ್ಣುಗಳಿಗೂ ಒಂದೇ ಆದುದರಿಂದ ಬಲವನ್ನು ಬಲದೊಡನೆ ಹೋಲಿಸಬಹುದು. ಅಲ್ಲಿಯೂ 8 ಮಿಲಿಮೀಟರು ಕಡ್ಡಿಯ ಕಿಲೋಗಳನ್ನು 11 ಮಿಲಿಮೀಟರು ಕಡ್ಡಿಯ ಕಿಲೋಗಳಿಗೆ ಬರಿಯ ವಿಸ್ತೀರ್ಣದ ಲೆಕ್ಕದಿಂದ ತಿರುಗಿಸಲಾಗದು. ಕಡ್ಡಿಯ ಸುತ್ತಳತೆಯುದ್ದಕ್ಕೂ ತಿರುಳು ಕತ್ತರಿಸಿಹೋಗುವ ಬಲವೂ ಅದರಲ್ಲಿ ಸೇರಿರುವುದು. ಹೊಲದ ಮಣ್ಣಿನಲ್ಲಿ ಊರುವ ಶಂಕುಮೊನೆಯ ಸಲಾಕೆಯದೂ ಇದೇ ಜಾತಿ. ಅದರ ಬಲವನ್ನು ಶಂಕುವಿನ ವಿಸ್ತೀರ್ಣದಿಂದ ಭಾಗಿಸಿ ಹೇಳುವರು. ಹಣ್ಣಿಗೆ ಎ ವರ್ಗದ ಡ್ಯೂರೊಮೀಟರನ್ನು ಒತ್ತಿ, ಬಂದ ಅಂಕಿಯನ್ನು ನಮ್ಮ ಮೇಲಿನ ಪಟ್ಟಿಯಿಂದ ಗ್ರಾಂಗಳಿಗೆ ತಿರುಗಿಸಿ, ಒತ್ತು ಪರೀಕ್ಷಕದ ಕಿಲೋಗಳೊಡನೆ ಹೋಲಿಸಹೊರಟರೆ ಮಾತ್ರ ಕೆಲಸ ಕೆಡುವುದು.

ನಮ್ಮ ಹಿರಿಯರು ಭತ್ತದ ಕಾಳನ್ನು ಹಲ್ಲಿನಲ್ಲಿ ಕಡಿದು ಒಣಗಿದ ಹದವನ್ನು ತಿಳಿಯುತ್ತಿದ್ದರು. ಗಿರಣಿಯ ಹಳಬರು ಇಂದಿಗೂ ಹೆಬ್ಬೆರಳ ಉಗುರನ್ನು ರೋಲಿಗೆ ಊರಿ ರಬ್ಬರಿನ ಹದವನ್ನು ಹೇಳುವರು. ಅವರನ್ನು ಹಗುರವಾಗಿ ಕಾಣಬಾರದು. ಉಗುರು ಎಷ್ಟು ಇಳಿಯಿತೆಂಬುದನ್ನೇ ಅವರು ನೋಡುವುದರಿಂದ, ಗ್ರಾಂಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ವಾದಿಸುವವನಿಗಿಂತ ಅವರು ನಿಜಕ್ಕೆ ಹತ್ತಿರವಾಗಿರುವರು. ಆದರೆ ಉಗುರಿನ ಸಾಕ್ಷಿಯನ್ನು ಕಾಗದದ ಮೇಲೆ ಬರೆದು ವ್ಯಾಪಾರಿಗೆ ತೋರಿಸುವಂತಿಲ್ಲ. ಈ ಕಾರಣದಿಂದ, ಗಿರಣಿ ನಡೆಸುವ ಪ್ರತಿಯೊಂದು ಸಹಕಾರ ಸಂಘವೂ ರೈತ ಉತ್ಪಾದಕರ ಕಂಪನಿಯೂ ಎ ವರ್ಗದ ಡ್ಯೂರೊಮೀಟರು ಒಂದನ್ನು ತನ್ನ ಸ್ವಂತಕ್ಕೆ ಇಟ್ಟುಕೊಳ್ಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಮಾರುವವನ ಉಪಕರಣದಿಂದ ಮಾರುವವನೇ ಅಳೆದ ಅಂಕಿಗೆ ಹಣ ಕೊಡುವುದು, ಕೊಳ್ಳುವವನ ತಕ್ಕಡಿಯಲ್ಲಿ ಮಾತ್ರ ತೂಗಿ ಅಡಕೆ ಮಾರುವುದಕ್ಕಿಂತ ಉತ್ತಮವಾದ ವ್ಯವಹಾರವೇನೂ ಅಲ್ಲ. ಹತ್ತಿರದ ನಾಲ್ಕಾರು ಸಂಘಗಳು ಕೂಡಿ ಒಂದನ್ನು ಕೊಂಡರೂ ಸಾಕು.

ರೋಲುಗಳಿಗೆ ಬೇಡಿಕೆ ಕಳುಹಿಸುವಾಗ ಬರೆಯಬೇಕಾದ ಮಾತುಗಳನ್ನು ಮುಖಂಡರು ತಾವೇ ನೋಡಿ ಸಹಿ ಹಾಕುವುದು ಮೇಲು. ಗಡಸುತನದ ಅಂಕಿಯ ಪಕ್ಕದಲ್ಲಿ ಉಪಕರಣದ ವರ್ಗ, ಎಷ್ಟು ಸೆಕೆಂಡಿಗೆ ಓದಿದುದು, ಎಷ್ಟು ಡಿಗ್ರಿ ಸೆಖೆಯಲ್ಲಿ ಓದಿದುದು, ಮತ್ತು ಜೋಡಿಯ ಎರಡು ರೋಲುಗಳ ನಡುವೆ ಇರಬಹುದಾದ ಅಂತರ ಎಷ್ಟು ಎಂಬುದನ್ನು ಕಾಣಿಸಬೇಕು. ತಯಾರಾದ ತಿಂಗಳು ವರ್ಷಗಳನ್ನೂ ಕೇಳಬೇಕು. ಕಿಲೋಗಳಲ್ಲಿಯೋ ನ್ಯೂಟನ್‌ಗಳಲ್ಲಿಯೋ ರಬ್ಬರಿನ ಬಲವನ್ನು ಹೇಳಿದ ಕಾಗದ ಬಂದರೆ, ಆ ಬಲವು ಯಾವ ಪರೀಕ್ಷೆಯಿಂದ ಬಂದಿತೆಂದು ಬರೆದು ಕೇಳಬೇಕು. ಅದು ಎಳೆದು ಹರಿಸಿ ನೋಡಿದ ಪರೀಕ್ಷೆಯಾದರೆ ಬೆಲೆಯುಳ್ಳ ಮಾತು. ಡ್ಯೂರೊಮೀಟರಿನ ಅಂಕಿಯನ್ನು ಗುಣಿಸಿ ಕೂಡಿ ಬರೆದುದಾದರೆ ಅದಕ್ಕಾಗಿ ಒಂದು ಕಾಸನ್ನೂ ಹೆಚ್ಚಾಗಿ ಕೊಡಬೇಕಾದುದಿಲ್ಲ.

ಸರಕು ಬಂದ ದಿನವೇ ಎರಡು ರೋಲುಗಳನ್ನೂ ಅಳೆದು, ಗಿರಣಿಯ ಪುಸ್ತಕದಲ್ಲಿ ಒಂದು ಹಾಳೆಯನ್ನು ಅದಕ್ಕೆ ಮೀಸಲಿಡಬೇಕು. ಹಾಕಿದ ದಿನದ ಅಂಕಿ, ಅಂದು ಸಂದನ್ನು ಹೊಸದಾಗಿ ಹೊಂದಿಸಿದುದು, ವೇಗದ ರೋಲು ಬೇಗ ಸವೆಯುವುದರಿಂದ ಎರಡನ್ನೂ ಅದಲುಬದಲು ಮಾಡಿದ ದಿನಗಳು, ಅಷ್ಟರಲ್ಲಿ ನಡೆದ ಭತ್ತದ ಕ್ವಿಂಟಾಲುಗಳು, ನೂರು ಕಿಲೋಗೆ ಬಂದ ನುಚ್ಚು, ಇವನ್ನು ಬರೆಯುತ್ತ ಹೋಗಬೇಕು. ತೆಗೆದು ಬಿಸಾಡುವ ದಿನ ರೋಲಿನ ಮೇಲೆ 6 ಮಿಲಿಮೀಟರು ರಬ್ಬರು ಉಳಿದಿದ್ದರೆ ಅದರ ಕೊನೆಯ ಅಂಕಿಯನ್ನೂ, ಉಳಿದಿಲ್ಲದಿದ್ದರೆ ಉಳಿದಿಲ್ಲವೆಂಬುದನ್ನೂ ಆ ಹಾಳೆಯ ಕೆಳಗೆ ಬರೆಯಬೇಕು. ಎರಡು ಹಂಗಾಮುಗಳ ಹಾಳೆಗಳು ಕೂಡಿದ ಮೇಲೆ, ತಮ್ಮ ಸೀಮೆಯ ಭತ್ತಕ್ಕೆ 85 ಹಿತವೋ 90 ಹಿತವೋ ಎಂಬುದನ್ನು ಸಂಘದವರು ತಮ್ಮ ಪುಸ್ತಕದಿಂದಲೇ ಓದಿ ಹೇಳಬಹುದು. ಅಂಥ ಹಾಳೆಗಳ ನಕಲುಗಳನ್ನು ಇಲಾಖೆಗೆ ಕಳುಹಿಸಿಕೊಟ್ಟರೆ ಬೇರೆ ಸೀಮೆಗಳವುಗಳೊಡನೆ ಹೋಲಿಸಿ ನೋಡುವುದಕ್ಕೆ ಅನುಕೂಲವಾಗುವುದು.